ನೀರು ನೋಡಿ ಬಹುಮಾನ

ಕಂಬಳದ ಮರುದಿನ ಪೇಪರಿನಲ್ಲಿ ಬರುವ ಫಲಿತಾಂಶದ ಪಟ್ಟಿಯನ್ನು ಗಮನವಿಟ್ಟು ಓದಿದ್ದೀರಾ? ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು, ಅಡ್ಡಹಲಗೆ, ಎಲ್ಲದರಲ್ಲೂ ಪ್ರಥಮ, ದ್ವಿತೀಯ ಅಂತ ಇರುತ್ತದೆ. ಕನೆಹಲಗೆಯದ್ದು ಮಾತ್ರ ಬೇರೆ ಲೆಕ್ಕ, ಅಲ್ಲಿ ನೀರು ನೋಡಿ ಬಹುಮಾನ. ಘಟ್ಟದ ಮೇಲಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಣಗಳ ಹಿಂದೆ ಕಟ್ಟಿದ ಮರದ ಹಲಗೆಯಲ್ಲಿ ತೂತುಗಳಿರುತ್ತವೆ. ಅದರ ಮೇಲೆ ಕಾಲಿಟ್ಟು ನಿಂತವನನ್ನು ಕೋಣಗಳು ಎಳೆದುಕೊಂಡು ಓಡುವಾಗ ತೂತಿನಿಂದ ಕೆಸರುನೀರು ಕಾರಂಜಿಯ ಹಾಗೆ ಮೇಲೆ ಚಿಮ್ಮುತ್ತದೆ. ಕರೆಗೆ ಅಡ್ಡವಾಗಿ ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ಆರೂವರೆ ಕೋಲು, ಏಳೂವರೆ ಕೋಲು ಅಂತ ಅದರ ಎತ್ತರ. ನೀರು ಬಟ್ಟೆಗೆ ಮುಟ್ಟಿದರೆ ಬಹುಮಾನ, ಇಲ್ಲದಿದ್ದರೆ ಇಲ್ಲ. ಎಷ್ಟು ಬೇಗ ಓಡಿದರು ಅನ್ನುವುದು ಇಲ್ಲಿ ಮುಖ್ಯ ಅಲ್ಲ.

ಇಡೀ ಕಂಬಳದ ಲೈವ್‌ನಲ್ಲಿ ಮೊಬೈಲಿನಲ್ಲಿ ಅತ್ಯಂತ ಕೆಟ್ಟದಾಗಿ ಕಾಣುವುದು ಇದೇ ಒಂದು ಕ್ಷಣ. ಹಿಂದಿನ ಬ್ಯಾನರಿನಲ್ಲಿರುವ ಪ್ರಾಯೋಜಕರ ಹೆಸರು ಸ್ಪಷ್ಟ. ಕಟ್ಟೆಯ ಮೇಲೆ ಕುಳಿತವರ ಅಂಗಿಯ ಬಣ್ಣ ಸ್ಪಷ್ಟ. ಕೋಣಗಳೂ ಪರವಾಗಿಲ್ಲ. ನೀರು ಎದ್ದ ಕೂಡಲೇ ಸ್ಕ್ರೀನಿನ ತುಂಬಾ ಕಂದು ಬಣ್ಣದ ಚೌಕಗಳು. ಮುಂಬೈಯಲ್ಲಿರುವ ನನ್ನ ಭಾವ ಕಳೆದ ಸೀಸನ್‌ನಲ್ಲಿ ಫೋನ್ ಮಾಡಿ ಕೇಳಿದ್ದು ಇದನ್ನೇ: "ಅಲ್ಲ ಮಾರಾಯ, ನೀನು ವಿಡಿಯೋ ಕಂಪ್ರೆಷನ್‌ನಲ್ಲೇ ಕೆಲಸ ಮಾಡುದಲ್ವಾ? ಈಗ ಎಲ್ಲದಕ್ಕೂ ಎಐ ಉಂಟಲ್ಲ, ಈ ನೀರನ್ನು ಒಮ್ಮೆ ಸರಿ ಮಾಡ್ಲಿಕ್ಕೆ ಆಗುದಿಲ್ವಾ?"

ಆಗುತ್ತದೆ. ನನಗೆ ತಲೆಬಿಸಿ ಆಗಿರುವುದೇ ಅದು.

ಮೊದಲು ಸಣ್ಣ ಲೆಕ್ಕ ಮಾಡೋಣ. ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮ್‌ನಲ್ಲಿ 1920 ಗುಣಿಸು 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಚುಕ್ಕೆಗಳು. ಒಂದೊಂದು ಚುಕ್ಕೆಯ ಬಣ್ಣಕ್ಕೆ 24 ಬಿಟ್, ಸೆಕೆಂಡಿಗೆ 30 ಫ್ರೇಮ್. ಏನೂ ಕುಗ್ಗಿಸದೆ ಕಳುಹಿಸಿದರೆ ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್ ಬೇಕು. ದಿನಕ್ಕೆ 1.5 ಜಿಬಿಯ ಡೇಟಾ ಪ್ಯಾಕ್ ಎಂಟು ಸೆಕೆಂಡಿಗೆ ಖಾಲಿ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಗೊತ್ತಲ್ಲ, ಅವರು ಎಂಬತ್ತೈದು ಮೀಟರ್ ಮುಟ್ಟುವಾಗ ನಿಮ್ಮ ಆ ದಿನದ ಪ್ಯಾಕ್ ಮುಗಿದಿರುತ್ತಿತ್ತು. ನಮಗೆ ಲೈವ್ ಬರುವುದು ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಆಸುಪಾಸಿನಲ್ಲಿ. ಅಂದರೆ ಮುನ್ನೂರ ಎಪ್ಪತ್ತರಲ್ಲಿ ಒಂದು ಪಾಲು ಮಾತ್ರ ನಿಮ್ಮ ಫೋನಿಗೆ ಮುಟ್ಟುತ್ತದೆ, ಉಳಿದದ್ದೆಲ್ಲ ದಾರಿಗೆ ಬೀಳುವ ಮೊದಲೇ ಹೋಗಿರುತ್ತದೆ.

ಇಷ್ಟನ್ನು ಬಿಟ್ಟೂ ವಿಡಿಯೋ ಚೆನ್ನಾಗಿ ಕಾಣುವುದು ಹೇಗೆ? ಕೋಡೆಕ್ ಪ್ರತಿ ಫ್ರೇಮನ್ನು ಚೌಕಗಳಾಗಿ ತುಂಡು ಮಾಡಿ, ಪ್ರತಿ ಚೌಕಕ್ಕೂ ಹಿಂದಿನ ಫ್ರೇಮ್‌ನಲ್ಲಿ ಅದರ ಹಾಗೇ ಇರುವುದು ಎಲ್ಲಾದರೂ ಉಂಟಾ ಅಂತ ಹುಡುಕುತ್ತದೆ. ಕಟ್ಟೆ, ಪೆಂಡಾಲ್, ತೆಂಗಿನಮರ ಅಲ್ಲಾಡುವುದಿಲ್ಲ. ಅದಕ್ಕೆ ‘ಮೊದಲಿನದ್ದೇ ಇಡು’ ಅಂದರೆ ಸಾಕು. ಕೋಣದ ಬೆನ್ನಿಗೆ ‘ಈ ಚೌಕವನ್ನು ಇಷ್ಟು ಎಡಕ್ಕೆ ಸರಿಸು’ ಅನ್ನುತ್ತದೆ. ಉಳಿದ ಸಣ್ಣ ವ್ಯತ್ಯಾಸವನ್ನಷ್ಟೇ ಹೊಸದಾಗಿ ಬರೆದು ಕಳುಹಿಸುತ್ತದೆ. ನೀರಿಗೆ ಈ ಉಪಾಯ ನಡೆಯುವುದಿಲ್ಲ. ಈ ಫ್ರೇಮ್‌ನ ಹನಿ ಹಿಂದಿನ ಫ್ರೇಮ್‌ನಲ್ಲಿ ಎಲ್ಲೂ ಇರಲಿಲ್ಲ, ಮುಂದಿನದರಲ್ಲಿ ಇರುವುದೂ ಇಲ್ಲ. ಎಲ್ಲವನ್ನೂ ಹೊಸದಾಗಿ ಬರೆಯಬೇಕು, ಬರೆಯಲು ಬಿಟ್ ಇಲ್ಲ. ಆಗ ಕೋಡೆಕ್ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ, ನಮಗೆ ಚೌಕ ಕಾಣುತ್ತದೆ. ಕಾಪು ಬೀಚಿನ ಡ್ರೋನ್ ವಿಡಿಯೋಗಳಲ್ಲೂ ಇದೇ ಕಥೆ. 1901ರ ದೀಪಸ್ತಂಭ ಗಟ್ಟಿಯಾಗಿ ನಿಂತಿರುತ್ತದೆ, ಕೆಳಗಿನ ಬಂಡೆಗೆ ಬಡಿಯುವ ಅಲೆ ಗಂಜಿಯಾಗಿರುತ್ತದೆ.

ಆ ‘ಉಳಿದ ವ್ಯತ್ಯಾಸ’ವನ್ನು ಬರೆಯುವ ವಿಧಾನದ ಹಿಂದೆ ನಮ್ಮ ರಾಜ್ಯದವರೇ ಒಬ್ಬರಿದ್ದಾರೆ. ನಾಸಿರ್ ಅಹ್ಮದ್, 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1961ರಲ್ಲಿ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ಚಿತ್ರದ ಒಂದು ಚೌಕವನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ ಹೆಚ್ಚಿನ ಮಾಹಿತಿ ಕೆಲವೇ ಅಂಕಿಗಳಲ್ಲಿ ಬಂದು ಕೂರುತ್ತದೆ, ಉಳಿದ ಅಂಕಿಗಳನ್ನು ಬಿಟ್ಟರೂ ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ ಎಂಬುದು ಅವರ ಯೋಚನೆ. 1972ರಲ್ಲಿ ಇದರ ಅಧ್ಯಯನಕ್ಕೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅರ್ಜಿ ಹಾಕಿದರು, ಹಣ ಸಿಗಲಿಲ್ಲ. ವಿಷಯ ತೀರಾ ಸರಳ ಅನ್ನುವ ಅರ್ಥದಲ್ಲಿ ಒಬ್ಬ ಪರಿಶೀಲಕರು ಬರೆದಿದ್ದರಂತೆ. ಅವರು ಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ ಬರೆದ ಪುಟ್ಟ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ಡಿಸಿಟಿ, ಅಂದರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ನಿಮ್ಮ ಫೋನಿನ ಜೆಪೆಗ್ ಫೋಟೋ, ಎಂಪೆಗ್ ಕಾಲದ ಸಿಡಿ, 2003ರ ಎಚ್.264, 2013ರ ಎಚ್.265, 2018ರ ಎವಿ1, ಎಲ್ಲದರ ಹೊಟ್ಟೆಯೊಳಗೂ ಅದು ಅಥವಾ ಅದರ ತಮ್ಮ ಕೂತಿದ್ದಾನೆ. ನಾನು ಇಂಜಿನಿಯರಿಂಗ್ ಮಾಡುವಾಗ ಡಿಸಿಟಿಯ ಸೂತ್ರವನ್ನು ಬಾಯಿಪಾಠ ಮಾಡಿದ್ದೆ. ಇದು ಬೆಂಗಳೂರಿನವರದ್ದು ಅಂತ ಒಬ್ಬರೂ ಹೇಳಿರಲಿಲ್ಲ. ಅವರ ಕಥೆ ಜನರಿಗೆ ತಲುಪಿದ್ದು 2021ರಲ್ಲಿ ‘ದಿಸ್ ಈಸ್ ಅಸ್’ ಅನ್ನುವ ಅಮೆರಿಕನ್ ಧಾರಾವಾಹಿಯ ಒಂದು ಎಪಿಸೋಡಿನಿಂದ.

ಡಿಸಿಟಿಗೆ ಒಂದು ಮಿತಿ ಉಂಟು. ಅದರ ಕೊಸೈನ್ ಅಲೆಗಳು ಮೊದಲೇ ನಿಗದಿಯಾದವು. ಕೋಣಕ್ಕೂ ಅದೇ, ಕ್ರಿಕೆಟ್‌ಗೂ ಅದೇ. ನ್ಯೂರಲ್ ನೆಟ್‌ವರ್ಕ್ ಬಂದು ಬದಲಿಸಿದ್ದು ಇದನ್ನೇ. ಲಕ್ಷಾಂತರ ಚಿತ್ರಗಳನ್ನು ತೋರಿಸಿ, ‘ಆದಷ್ಟು ಕಡಿಮೆ ಬಿಟ್ ಬಳಸು, ಆದರೆ ಮೂಲದಿಂದ ಆದಷ್ಟು ಕಡಿಮೆ ದೂರ ಹೋಗು’ ಅಂತ ಎರಡು ಕಡೆಯಿಂದ ಎಳೆದರೆ, ಹೇಗೆ ಬರೆಯಬೇಕೆಂದು ಅದೇ ಕಲಿಯುತ್ತದೆ. 2019ರಲ್ಲಿ ಡಿವಿಸಿ ಅನ್ನುವ ಮಾದರಿ ಬಂತು. ಚಲನೆಯನ್ನು ಊಹಿಸುವುದರಿಂದ ಹಿಡಿದು ವ್ಯತ್ಯಾಸ ಬರೆಯುವವರೆಗೆ ಎಲ್ಲವನ್ನೂ ಅದರಲ್ಲಿ ನೆಟ್‌ವರ್ಕುಗಳೇ ಮಾಡಿದವು, ಹಳೆಯ ಎಚ್.264ಕ್ಕಿಂತ ಚೆನ್ನಾಗಿಯೇ ಮಾಡಿದವು. 2025ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಪ್ರಕಟಿಸಿದ ಡಿಸಿವಿಸಿ-ಆರ್‌ಟಿ, ಇತ್ತೀಚಿನ ಎಚ್.266 ಸ್ಟಾಂಡರ್ಡ್‌ನ ಮೂಲ ಸಾಫ್ಟ್‌ವೇರಿಗಿಂತ ಸರಾಸರಿ ಶೇಕಡಾ 21 ಕಡಿಮೆ ಬಿಟ್‌ರೇಟ್‌ನಲ್ಲಿ ಅಷ್ಟೇ ಗುಣಮಟ್ಟ ಕೊಟ್ಟಿತು. ಅದೂ ಸೆಕೆಂಡಿಗೆ ನೂರಕ್ಕೂ ಹೆಚ್ಚು ಫುಲ್ ಎಚ್‌ಡಿ ಫ್ರೇಮ್‌ಗಳ ವೇಗದಲ್ಲಿ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ 21 ಅಂದರೆ ಎಷ್ಟು ದೊಡ್ಡ ಸಂಖ್ಯೆ ಅಂತ ಗೊತ್ತು. ನಾವು ಅರ್ಧ ಶೇಕಡಾಕ್ಕಾಗಿ ತಿಂಗಳುಗಟ್ಟಲೆ ಕೂರುತ್ತೇವೆ.

ಆದರೆ ಆ ವೇಗ ಬಂದದ್ದು ಲಕ್ಷಾಂತರ ರೂಪಾಯಿಯ ಜಿಪಿಯು ಕಾರ್ಡಿನ ಮೇಲೆ. ನಿಮ್ಮ ಫೋನಿನಲ್ಲಿ ಎಚ್.264 ಬಿಡಿಸಲು ಚಿಪ್‌ನೊಳಗೇ ಪ್ರತ್ಯೇಕ ಜಾಗ ಉಂಟು, ಬ್ಯಾಟರಿ ಹೆಚ್ಚು ತಿನ್ನುವುದಿಲ್ಲ. ನೆಟ್‌ವರ್ಕ್ ಓಡಿಸಿದರೆ ಒಂದು ಆಟ ಮುಗಿಯುವ ಮೊದಲೇ ಫೋನ್ ದೋಸೆ ಕಾವಲಿ. ಇನ್ನೊಂದು ತಾಪತ್ರಯ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಕಳುಹಿಸುವ ಮೆಷಿನ್ ಮತ್ತು ನಿಮ್ಮ ಫೋನು ಎರಡೂ ಒಂದೇ ಲೆಕ್ಕ ಮಾಡಿ ಒಂದೇ ಉತ್ತರಕ್ಕೆ ಬರಬೇಕು. ದಶಮಾಂಶದ ಕೊನೆಯ ಸ್ಥಾನದಲ್ಲಿ ಒಂದು ಅಂಕಿ ಆಚೀಚೆ ಆದರೂ ಅಲ್ಲಿಂದ ಮುಂದಿನ ಡೇಟಾ ಎಲ್ಲ ಅಡ್ಡಾದಿಡ್ಡಿ. ಒಂದೊಂದು ಕಂಪೆನಿಯ ಚಿಪ್ ಒಂದೊಂದು ರೀತಿ ರೌಂಡ್ ಮಾಡುತ್ತದೆ. ಹಾಗಾಗಿ ಈ ಸಲದ ಕಾರ್ಕಳದ ಮಿಯಾರು ಕಂಬಳವನ್ನು ನೀವು ಪೂರ್ತಿ ನ್ಯೂರಲ್ ಕೋಡೆಕ್‌ನಲ್ಲಿ ನೋಡುವುದಿಲ್ಲ. ಮೊದಲು ಬರುವುದು ತುಂಡು ತುಂಡಾಗಿ: ಹಳೆಯ ಕೋಡೆಕ್‌ನ ಒಳಗೆ ಚೌಕದ ಗೆರೆ ಅಳಿಸುವ ಒಂದು ಫಿಲ್ಟರ್, ಟಿವಿಯಲ್ಲಿ ಸಣ್ಣ ಚಿತ್ರವನ್ನು ದೊಡ್ಡದು ಮಾಡುವ ಅಪ್‌ಸ್ಕೇಲರ್. ಅಪ್‌ಸ್ಕೇಲರ್ ಈಗಾಗಲೇ ಅನೇಕ ಟಿವಿಗಳಲ್ಲಿ ಉಂಟು, ನಿಮ್ಮ ಮನೆಯದ್ದರಲ್ಲೂ ಇರಬಹುದು.

ಇನ್ನು ಭಾವನ ನೀರಿಗೆ ಬರೋಣ. ‘ಗುಣಮಟ್ಟ’ ಅಂತ ನಾವು ಹೇಳುವಾಗ ಎರಡು ಬೇರೆ ಸಂಗತಿಗಳನ್ನು ಸೇರಿಸಿ ಹೇಳುತ್ತೇವೆ. ಮೂಲಕ್ಕೆ ಎಷ್ಟು ಹತ್ತಿರ ಇದೆ ಅನ್ನುವುದು ಒಂದು. ನೋಡಲು ಎಷ್ಟು ನಿಜ ಅನಿಸುತ್ತದೆ ಅನ್ನುವುದು ಇನ್ನೊಂದು. ಇವೆರಡೂ ಒಂದೇ ದಾರಿಯಲ್ಲಿ ಹೋಗುತ್ತವೆ ಅಂತ ಬಹಳ ಕಾಲ ನಂಬಿದ್ದೆವು. 2018ರಲ್ಲಿ ಇಸ್ರೇಲಿನ ಯೊಖಾಯ್ ಬ್ಲೌ ಮತ್ತು ತೋಮರ್ ಮಿಖಾಯೆಲಿ, ಹಾಗಲ್ಲ ಅಂತ ಗಣಿತದಲ್ಲೇ ತೋರಿಸಿದರು. ಇರುವ ಮಾಹಿತಿ ಇಷ್ಟೇ ಅಂತಾದರೆ, ಒಂದು ಹಂತದ ಆಚೆ ಚಿತ್ರವನ್ನು ನೋಡಲು ನಿಜ ಅನಿಸುವಂತೆ ಮಾಡಿದಷ್ಟೂ ಅದು ಮೂಲದಿಂದ ದೂರ ಹೋಗುತ್ತದೆ. ಅದನ್ನು ಯಾವ ಜಾಣ ಎಂಜಿನಿಯರೂ ತಪ್ಪಿಸಲಾರ.

ಯಾಕೆ ಅಂದರೆ, ನೀರಿನ ಹನಿಗಳನ್ನು ಬರೆಯಲು ಬಿಟ್ ಇಲ್ಲದಿದ್ದಾಗ ಹಳೆಯ ಕೋಡೆಕ್ ಚೌಕ ತೋರಿಸುತ್ತದೆ. ನೋಡಲು ಅಸಹ್ಯ, ಆದರೆ ‘ಇಲ್ಲಿ ನನಗೆ ಗೊತ್ತಿಲ್ಲ’ ಅಂತ ಬಾಯಿಬಿಟ್ಟು ಹೇಳಿದ ಹಾಗೆ. ಹೊಸ ಜನರೇಟಿವ್ ಮಾದರಿ ಚೌಕ ತೋರಿಸುವುದಿಲ್ಲ. ಅದು ಸಾವಿರಾರು ಕಡೆ ನೀರು ಚಿಮ್ಮಿದ್ದನ್ನು ನೋಡಿರುತ್ತದೆ, ಇಲ್ಲೂ ಹನಿಗಳನ್ನು ಬಿಡಿಸುತ್ತದೆ. ಬಿಸಿಲಿಗೆ ಹೊಳೆಯುವ ಚಂದದ ಹನಿಗಳು. ಅದರಲ್ಲಿ ತುದಿಯ ಹನಿ ನಿಶಾನೆಯ ಬಟ್ಟೆಗೆ ಮುಟ್ಟಿದ್ದು ನಿಜವಾ, ಮಾದರಿ ಬಿಡಿಸಿದ್ದಾ? ಸ್ಕ್ರೀನ್ ನೋಡಿ ಹೇಳಲು ಸಾಧ್ಯವೇ ಇಲ್ಲ. ಕರೆಯ ಬದಿಯಲ್ಲಿ ನಿಂತ ತೀರ್ಪುಗಾರರು ಕಣ್ಣಾರೆ ನೋಡಿರುತ್ತಾರೆ, ಅವರ ಮಾತೇ ಮಾತು. ಆದರೆ ಗಲಾಟೆ ಎದ್ದರೆ ರಾತ್ರಿಯೊಳಗೆ ವಾಟ್ಸಾಪ್ ಗುಂಪುಗಳಲ್ಲಿ ಓಡುವುದು ಲೈವ್‌ನಿಂದ ಕತ್ತರಿಸಿದ ಕ್ಲಿಪ್ಪು. "ನೋಡಿ, ನೀರು ಮುಟ್ಟಿದೆ, ಎಷ್ಟು ಕ್ಲಿಯರ್ ಉಂಟು!" ಅನ್ನುವವರಿಗೆ ಆ ಕ್ಲಿಯರ್ ಎಲ್ಲಿಂದ ಬಂತು ಅಂತ ವಿವರಿಸಲು ಹೋದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು.

ಕಲ್ಪನೆ ಜಾಸ್ತಿಯಾಯಿತು ಅನಿಸಿದರೆ 2013ರ ಜರ್ಮನಿಗೆ ಬನ್ನಿ. ಡೇವಿಡ್ ಕ್ರೀಸೆಲ್ ಅನ್ನುವ ಕಂಪ್ಯೂಟರ್ ವಿಜ್ಞಾನಿ ಕಟ್ಟಡದ ನಕ್ಷೆಯೊಂದು ಝೆರಾಕ್ಸ್ ಮೆಷಿನ್‌ನಲ್ಲಿ ಸ್ಕ್ಯಾನ್ ಆದ ಮೇಲೆ ಬೇರೆ ಬೇರೆ ಅಳತೆಯ ಕೋಣೆಗಳ ವಿಸ್ತೀರ್ಣ ಒಂದೇ ಸಂಖ್ಯೆಯಾಗಿರುವುದನ್ನು ತೋರಿಸಿದರು. ಜಾಗ ಉಳಿಸಲು ಆ ಮೆಷಿನ್ ‘ಹೆಚ್ಚು ಕಡಿಮೆ ಒಂದೇ ತರ’ ಕಾಣುವ ಅಕ್ಷರಗಳನ್ನು ಒಂದೇ ಅಂತ ಲೆಕ್ಕ ಹಾಕಿ, ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. 6 ಇದ್ದಲ್ಲಿ 8. ಅಕ್ಷರ ಮಾಸಿರಲಿಲ್ಲ, ಅಚ್ಚುಕಟ್ಟಾಗಿಯೇ ಇತ್ತು. ಅದರಿಂದಾಗಿಯೇ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಅದರಲ್ಲಿ ನ್ಯೂರಲ್ ನೆಟ್‌ವರ್ಕೂ ಇರಲಿಲ್ಲ, ಬರೀ ಹೋಲಿಕೆ ನೋಡುವ ಕೋಡ್.

ವಿಡಿಯೋ ಕಾಲ್‌ನಲ್ಲೂ ಇದು ಬರುತ್ತಾ ಉಂಟು. ಎನ್‌ವಿಡಿಯಾ 2020ರಲ್ಲೇ ತೋರಿಸಿತ್ತು, ಮುಖದ ಒಂದು ಚಿತ್ರ ಮೊದಲು ಕಳುಹಿಸಿ, ಆಮೇಲೆ ಕಣ್ಣು, ಬಾಯಿ ಎಲ್ಲಿವೆ ಅನ್ನುವ ಕೆಲವು ಬಿಂದುಗಳನ್ನಷ್ಟೇ ಕಳುಹಿಸಿದರೆ ಆಚೆ ಕಡೆ ಮುಖವನ್ನು ಮತ್ತೆ ಬಿಡಿಸಬಹುದು. ಆಫೀಸ್ ಮೀಟಿಂಗಿಗೆ ಭಾರೀ ಒಳ್ಳೆಯದು, ನನ್ನ ಮುಖ ಅಲ್ಲಿ ಹೇಗೆ ಕಂಡರೂ ನಡೆಯುತ್ತದೆ. ಊರಿಗೆ ಕಾಲ್ ಮಾಡುವಾಗ ನಾವು ನೋಡುವುದು ಬೇರೆ. ಅಮ್ಮ "ಎಂತ ಇಲ್ಲ, ಹುಷಾರಿದ್ದೇನೆ" ಅನ್ನುತ್ತಾರೆ. ಕಣ್ಣಿನ ಕೆಳಗೆ ಊದಿಕೊಂಡಿದೆಯಾ, ತುಟಿ ಒಣಗಿದೆಯಾ ಅಂತ ನಾವು ಗಮನಿಸುತ್ತೇವೆ. ಕಾಲ್ ಶುರುವಾದಾಗ ಹೋದ ಒಂದು ಚಿತ್ರದಿಂದ ಉಳಿದದ್ದನ್ನೆಲ್ಲ ಬಿಡಿಸುವ ಮಾದರಿ, ಮೊದಲು ಎಸೆಯುವುದು ಇಂಥ ಸಣ್ಣ ಬದಲಾವಣೆಗಳನ್ನೇ.

ಹಾಗಂತ ಊಹೆಯೆಲ್ಲ ಕೆಟ್ಟದ್ದಲ್ಲ. ಹಳೆಯ ಸಿನಿಮಾ ರೀಲಿನಲ್ಲಿ ಕಾಣುವ ಮರಳಿನಂಥ ಕಣಗಳನ್ನು ಎವಿ1 ಮೊದಲು ತೆಗೆದುಹಾಕಿ, ಅವು ಹೇಗಿದ್ದವು ಅಂತ ನಾಲ್ಕಾರು ಅಂಕಿಗಳಲ್ಲಿ ಬರೆದು, ನಿಮ್ಮ ಟಿವಿಯಲ್ಲಿ ಹೊಸದಾಗಿ ಉದುರಿಸುತ್ತದೆ. ಒಂದು ಕಣವೂ ಮೂಲದ್ದಲ್ಲ, ಯಾರಿಗೂ ನಷ್ಟ ಇಲ್ಲ. ಕಾಪುವಿನ ಅಲೆಯ ನೊರೆಯನ್ನೂ ಹಾಗೆ ಬಿಡಿಸಲಿ, ಮದುವೆಯ ಡ್ರೋನ್ ವಿಡಿಯೋದಲ್ಲಿ ತೆಂಗಿನ ಗರಿಯನ್ನೂ ಬಿಡಿಸಲಿ. ನನ್ನ ತಕರಾರು ನಿಶಾನೆಯ ಬಟ್ಟೆಯ ಸುತ್ತ ಇರುವ ಒಂದು ಮೀಟರ್ ಜಾಗದ ಬಗ್ಗೆ ಮಾತ್ರ. ಕೋಡೆಕ್‌ಗೆ ‘ಈ ಜಾಗಕ್ಕೆ ಹೆಚ್ಚು ಬಿಟ್ ಕೊಡು, ಇಲ್ಲಿ ಊಹಿಸಬೇಡ’ ಅಂತ ಹೇಳಲು ಸಾಧ್ಯ ಉಂಟು, ಹೇಳುವವರು ಬೇಕು ಅಷ್ಟೇ. ಅದಕ್ಕಿಂತ ಸುಲಭದ್ದು, ನಿಶಾನೆಗೆ ನೇರವಾಗಿ ಒಂದು ಪ್ರತ್ಯೇಕ ಕ್ಯಾಮೆರಾ, ಅಲ್ಲಾಡದ ಸ್ಟ್ಯಾಂಡು, ವೇಗದ ಶಟರ್, ಸೆಕೆಂಡಿಗೆ 60 ಫ್ರೇಮ್, ರೆಕಾರ್ಡಿಂಗ್ ಅಲ್ಲೇ ಕಾರ್ಡಿಗೆ. ಸೆಕೆಂಡಿಗೆ 100 ಮೆಗಾಬಿಟ್ ಇಟ್ಟರೂ 15 ಸೆಕೆಂಡಿನ ಓಟಕ್ಕೆ 190 ಎಂಬಿ ಸಾಕು. ಲೈವ್ ಬೇಕಾದರೆ ಗಂಜಿಯಾಗಿಯೇ ಹೋಗಲಿ.

ಮಣಿಪಾಲದ ಕಡೆಯಿಂದ ಕೆಲವು ಹುಡುಗರು ಫೈನಲ್ ಇಯರ್ ಪ್ರಾಜೆಕ್ಟಿಗೆ ಐಡಿಯಾ ಕೇಳಿ ಮೆಸೇಜ್ ಮಾಡುತ್ತಿರುತ್ತಾರೆ. ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಕೋಡೆಕ್‌ಗಳನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಕೆಲವೇ ಕೆಲವು ವಿಡಿಯೋ ತುಣುಕುಗಳಿವೆ. ಅದರಲ್ಲಿ ‘ರೇಸ್‌ಹಾರ್ಸಸ್’ ಉಂಟು. ಫಿನ್‌ಲೆಂಡಿನ ತಾಂಪೆರೆಯವರು ಮಾಡಿದ ಸಂಗ್ರಹದಲ್ಲಿ ‘ಜಾಕಿ’ ಅನ್ನುವ ಕುದುರೆ ಸವಾರ ಇದ್ದಾನೆ, ಒದ್ದೆ ನಾಯಿ ಮೈ ಕೊಡವುವ ತುಣುಕೂ ಉಂಟು. ಕುದುರೆ ಆಯಿತು, ನಾಯಿ ಆಯಿತು, ಕೋಣ ಇಲ್ಲ. ಯಕ್ಷಗಾನದ ಕಿರೀಟವೂ ಇಲ್ಲ. ಅಳೆಯುವ ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಕಂಪೆನಿಯೂ ಸುಧಾರಿಸುವುದಿಲ್ಲ, ಇದು ನಾನು ಒಳಗಿದ್ದು ನೋಡಿದ ಮಾತು. ಕಟಪಾಡಿಯ ಕಂಬಳ ಮಣಿಪಾಲದಿಂದ ಬೈಕಿನಲ್ಲಿ ಅರ್ಧ ಗಂಟೆ. ಒಳ್ಳೆಯ ಕ್ಯಾಮೆರಾದಲ್ಲಿ, ವ್ಯವಸ್ಥಾಪಕರ ಒಪ್ಪಿಗೆ ಕೇಳಿ, ಕಂಪ್ರೆಸ್ ಮಾಡದ ಹತ್ತು ಸೆಕೆಂಡಿನ ಹತ್ತು ತುಣುಕು ತೆಗೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟರೆ, ಇನ್ನೊಂದು ಚಾಟ್‌ಬಾಟ್ ಮಾಡುವುದಕ್ಕಿಂತ ಎಷ್ಟೋ ಮೇಲು.

ಯಕ್ಷಗಾನದ ಮಾತು ಬಂದದ್ದರಿಂದ ಹೇಳುತ್ತೇನೆ, ನನಗೆ ನಿಜವಾಗಿ ಹೆದರಿಕೆ ಇರುವುದು ಲೈವ್ ಬಗ್ಗೆ ಅಲ್ಲ, ಹಳೆಯ ಕ್ಯಾಸೆಟ್ಟುಗಳ ಬಗ್ಗೆ. ಈಗ ಯೂಟ್ಯೂಬಿನಲ್ಲಿ ಎಂಬತ್ತು, ತೊಂಬತ್ತರ ದಶಕದ ಆಟಗಳು ‘4ಕೆ ಎಐ’ ಅಂತ ಹೆಸರು ಹಾಕಿಕೊಂಡು ಬರುತ್ತಿವೆ. ವಿಎಚ್‌ಎಸ್ ಟೇಪಿನಲ್ಲಿ ಹೆಚ್ಚೆಂದರೆ ಇನ್ನೂರ ನಲ್ವತ್ತು ಗೆರೆಯಷ್ಟು ವಿವರ ಇರುತ್ತದೆ, ಉಳಿದದ್ದು ಎಲ್ಲಿಂದ ಬರಬೇಕು? ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನ ಚಿಟ್ಟಿ ಎದ್ದು ನಿಂತಿರುತ್ತದಲ್ಲ, ಒಂದು ವಿಡಿಯೋದಲ್ಲಿ ಅದನ್ನು ಅಪ್‌ಸ್ಕೇಲರ್ ಚರ್ಮದ ಕಲೆ ಅಂತ ತಿಳಿದು ನುಣ್ಣಗೆ ಒರೆಸಿ ಹಾಕಿತ್ತು. ಕೆಳಗೆ ಕಾಮೆಂಟ್‌ನಲ್ಲಿ ಎಲ್ಲರೂ "ಸೂಪರ್ ಕ್ಲಾರಿಟಿ". ಇಪ್ಪತ್ತು ವರ್ಷದ ನಂತರ ಯಾರಾದರೂ ಮುಖವರ್ಣಿಕೆಯ ಬಗ್ಗೆ ಕಲಿಯಲು ಇದನ್ನು ನೋಡಿದರೆ?

ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಆ ಕಾಲದಲ್ಲೇ ಟೇಪುಗಳಲ್ಲಿ ಇಂಥದ್ದನ್ನೆಲ್ಲ ದಾಖಲಿಸಲು ಹೊರಟಿತ್ತು. 1990ರಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ, ನಮ್ಮವರಾದ ಚಿನ್ನಪ್ಪ ಗೌಡ, ವಿವೇಕ ರೈ ಇವರೆಲ್ಲ ಸೇರಿ ಆಡಿಯೋ, ವಿಡಿಯೋ ಎರಡರಲ್ಲೂ ಹಿಡಿದರು. ದಿನಗಟ್ಟಲೆ ಹಾಡಿದ 15,683 ಸಾಲು, 1998ರಲ್ಲಿ ಪುಸ್ತಕವಾಯಿತು. ಒಂದು ಸಾಲು ಸ್ಪಷ್ಟ ಕೇಳದಿದ್ದರೆ ಟೇಪನ್ನು ತಿರುಗಿಸಿ ಮತ್ತೆ ಕೇಳಬೇಕಾಗುವ ಕೆಲಸ ಅದು. ಕೇಳದ ಜಾಗದಲ್ಲಿ ಟೇಪು ತಾನೇ ಒಂದು ಶಬ್ದ ಕಟ್ಟಿ ಕೊಟ್ಟಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು.

ನಿಮ್ಮಲ್ಲಿ ಅನೇಕರ ಮನೆಯ ಅಟ್ಟದಲ್ಲಿ ಅಪ್ಪನೋ ಮಾವನೋ ಬಾಡಿಗೆ ಕ್ಯಾಮೆರಾದಲ್ಲಿ ತೆಗೆಸಿದ ಆಟದ, ಕಂಬಳದ, ಮದುವೆಯ ಕ್ಯಾಸೆಟ್ ಇರುತ್ತದೆ. ಡಿಜಿಟಲ್ ಮಾಡಿಸುವಾಗ ಅಂಗಡಿಯವರ ಹತ್ತಿರ ‘ಎನ್‌ಹ್ಯಾನ್ಸ್ ಮಾಡಬೇಡಿ, ಇದ್ದ ಹಾಗೇ ಕೊಡಿ’ ಅಂತ ಹೇಳಿ. ಆದರೆ ಎಫ್‌ಎಫ್‌ವಿ1 ಅನ್ನುವ ಫಾರ್ಮ್ಯಾಟ್ ಕೇಳಿ. ಒಂದು ಬಿಟ್ಟೂ ಬಿಡದೆ ಕುಗ್ಗಿಸುತ್ತದೆ, ಉಚಿತ, ದೊಡ್ಡ ದೊಡ್ಡ ಸಂಗ್ರಹಾಲಯಗಳೂ ಬಳಸುತ್ತವೆ. ಗಂಟೆಗೆ 30 ಜಿಬಿ ಆಸುಪಾಸು ಬರುತ್ತದೆ, ಎರಡು ಟಿಬಿಯ ಹಾರ್ಡ್‌ಡಿಸ್ಕ್‌ನಲ್ಲಿ ಅರವತ್ತು ಗಂಟೆಯಷ್ಟು ಹಿಡಿಯುತ್ತದೆ. ಚಂದ ಮಾಡಿದ ಕಾಪಿ ಬೇಕಿದ್ದರೆ ಆಮೇಲೆ ಬೇರೆಯಾಗಿ ಮಾಡಿಕೊಳ್ಳಿ, ಈಗಿನದ್ದಕ್ಕಿಂತ ಒಳ್ಳೆಯ ಮಾದರಿಗಳು ಮುಂದೆ ಬರುತ್ತವೆ, ಅವಕ್ಕೂ ಮೂಲವೇ ಬೇಕು. ಮತ್ತೆ, ಮಳೆಗಾಲಕ್ಕೆ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ. ನಮ್ಮ ಕಡೆಯ ಥಂಡಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಸ್ಟು ಹಿಡಿಯುತ್ತದೆ. ಹಿಡಿದಿದ್ದರೆ ವಿಸಿಆರ್‌ಗೆ ಹಾಕಬೇಡಿ, ಟೇಪು ಹರಿದುಹೋಗುತ್ತದೆ, ಕ್ಲೀನ್ ಮಾಡಲು ಗೊತ್ತಿರುವವರ ಕೈಯಲ್ಲಿ ಕೊಡಿ.